ಕಳವಾದ ಚುಕ್ಕಿ

೧೯೪೧ನೇ ನವೆಂಬರ್ ೩, ಸೋಮವಾರ, ಬೆಳಿಗ್ಗೆ ಎಂಟೂವರೆ. ಆದವಾನಿ ಠಾಣೆಗೆ ಕುರಿ ಕಳವು, ಹತ್ತಿ ಕಳವು, ಕೊರಳಿನ ಸರದ ಕಳವು ಎಲ್ಲ ಬಂದಿದ್ದವು. ಚುಕ್ಕಿ ಕಳವು ಬಂದದ್ದು ಅದೇ ಮೊದಲು. ದೂರುದಾರ ಹತ್ತಿ ವ್ಯಾಪಾರಿಯ ಮಗ ಪಂಚಾಕ್ಷರಯ್ಯ, ಮದರಾಸಿನಲ್ಲಿ ಚಿತ್ರ ಬರೆಯುವುದನ್ನು ಕಲಿತು ಬಂದವನು. ಪ್ರದರ್ಶನಕ್ಕೆ ಹೋಗಬೇಕಿದ್ದ ಅವನ ನೀರುಬಣ್ಣದ ಚಿತ್ರದಿಂದ ಒಂದು ಚುಕ್ಕಿ ಮಾಯವಾಗಿತ್ತು.

"ಅಳಿಸಿದ್ದು ಕಳವು ಹೆಂಗ ಆಗ್ತೈತ್ರಿ?" ಕಾನ್‌ಸ್ಟೇಬಲ್ ಆಂಜನೇಯ ನಕ್ಕ.

"ಬಣ್ಣ ಕಾಗದದ ಮ್ಯಾಲೆ ಇಲ್ಲಂದ್ರ ಯಾರೋ ಒಯ್ದಾರ. ಕಳವಂತ ಬರೀರಿ," ಎಂದ ಪಂಚಾಕ್ಷರಯ್ಯ.

ಸಬ್‌ಇನ್ಸ್‌ಪೆಕ್ಟರ್ ರೇವಣಸಿದ್ದಯ್ಯ ನಗಲಿಲ್ಲ. ಕಳವೆಂದೇ ಎಫ್‌ಐಆರ್ ಬರೆದು ಟೋಪಿ ಹಾಕಿಕೊಂಡರು.

ಹತ್ತಕ್ಕೆ ಪಂಚಾಕ್ಷರಯ್ಯನ ಮನೆಯವರ ಹತ್ತಿ ಗೋದಾಮಿನ ಪಡಸಾಲೆಯಲ್ಲಿ ಪಂಚನಾಮೆ. ಚಿತ್ರದ ಮೇಲಿನ ಅರ್ಧ ಮೋಡ. ಎಡಗಡೆ ದಂಡೆ, ಅದರ ಮೇಲೆ ಹನ್ನೊಂದು ಕುರಿ. ಉಳಿದದ್ದೆಲ್ಲ ಹೊಳೆ. ಹೊಳೆಯ ಮೇಲೆ ಸಂಜೆಬಿಸಿಲಿನ ಪಟ್ಟೆ, ಅಲ್ಲಿ ಬಣ್ಣವೇ ಇಲ್ಲ. ಪಟ್ಟೆಯ ನಡುವೆ ಹುಣಸೆಬೀಜದಷ್ಟು ಜಾಗ ಒರೆಸಿದೆ, ಕೆಂಪು ನೂಲಿನ ಒಂದು ಎಳೆ ಅಂಟಿದೆ. ಹಿಂಬದಿಯ ಬರಹ: ನಾಗಲದಿನ್ನೆ, ಆಗಸ್ಟ್ ೧೨, ಸಂಜೆ ಐದು.

"ಬಿಸಿಲಿಗೆ ಬಣ್ಣ ಯಾಕ ಹಚ್ಚಿಲ್ಲ?" ರೇವಣಸಿದ್ದಯ್ಯ ಕೇಳಿದರು.

"ನೀರುಬಣ್ಣದಾಗ ಖಾಲಿ ಕಾಗದನೇ ಬೆಳಕುರಿ. ಅದರ ನಡುವ ಒಂದು ಕರಿ ಚುಕ್ಕಿ ಇದ್ರೇನೇ ಬೆಳಕು ಕಣ್ಣಿಗೆ ಹೊಡೀತೈತಿ. ಈಗ ನೋಡ್ರಿ, ಚಿತ್ರ ಸತ್ತೈತಿ."

"ಚುಕ್ಕಿ ಏನಿತ್ತು?"

"ಎಮ್ಮಿ. ಮೈ ತೊಳ್ಕೊಳ್ಳಾಕ ಇಳಿದಿತ್ತು."

"ದಂಡೀಗೆ ಬಂತೇನು?"

"ತಲಿ ಎತ್ತಿದಾಗ ಇತ್ತು. ಬಣ್ಣ ಅದ್ದಿ ಮತ್ತ ನೋಡಿದಾಗ ಇದ್ದಿಲ್ಲ."

ಆಂಜನೇಯ ನಗುವುದನ್ನು ಬಿಟ್ಟ. ಅವನ ಅತ್ತೆಮನೆ ನಾಗಲದಿನ್ನೆ. ಆ ಆಗಸ್ಟ್ ೧೨ರ ಸಂಜೆಯೇ, ಕುರಿ ತೊಳೆಯಲು ಹೊಳೆಗೆ ಇಳಿದ ಅದೇ ಊರಿನ ಕುರಿಗಾರ ಉಚ್ಚೀರಪ್ಪ ಸೆಳವಿಗೆ ಸಿಕ್ಕು ಹೋಗಿದ್ದ. ಮೂರು ದಿನ ಹುಡುಕಿದರೂ ಹೆಣ ಸಿಕ್ಕಿರಲಿಲ್ಲ.

ಅದನ್ನೆಲ್ಲ ಹೇಳಿ, "ಆತನ ಹೆಂಡ್ತಿ ಗಾದಿಲಿಂಗಮ್ಮ ಇಲ್ಲೇ ಕಸ ಹೊಡೀತಾಳ್ರಿ," ಅಂದ.

ಪಂಚಾಕ್ಷರಯ್ಯ ಗೋಡೆಗೆ ಒರಗಿದ. "ಎಮ್ಮಿ ಅಂದ್ಕೊಂಡಿದ್ದೆನ್ರಿ," ಎಂದ. ಅವನನ್ನು ಯಾರೂ ಏನೂ ಕೇಳಿರಲಿಲ್ಲ.

ಗಾದಿಲಿಂಗಮ್ಮ ಪೊರಕೆ ಹಿಡಿದೇ ಬಂದಳು. ಕೆಂಪು ಸೀರೆ. ಸೆರಗಿನ ಒಂದು ಮೂಲೆ ಹರಿದಿತ್ತು.

"ಚುಕ್ಕಿ ಅಳಿಸಿದಾಕಿ ನೀನಾ?"

"ಅಳಿಸಿಲ್ಲ ಸಾಮಿ. ಆತನ್ನ ನೀರಿಂದ ಮ್ಯಾಲೆ ತೆಗದೀನಿ."

"ಆತನೇ ಅಂತ ಹೆಂಗ ಗೊತ್ತಾತು?"

"ದಂಡಿಮ್ಯಾಲೆ ನಮ್ಮ ಕುರಿ ನಿಂತಾವ. ಕುರಿ ಬಿಟ್ಟು ಆತ ಎಲ್ಲಿ ಹೋಗ್ತಾನ? ದಿನಾ ಕಸ ಹೊಡೀವಾಗ ನೋಡ್ತಿದ್ದೆ. ನೀರಾಗೇ ಇರ್ತಿದ್ದ. ಮದರಾಸಿಗಿ ಕಳಸ್ತಾರಂತ ನಿನ್ನಿ ಕೇಳಿದೆ. ಅಷ್ಟು ದೂರ ನೀರಾಗೇ ಹೋಗ್ಬೇಕಾ, ಸಾಮಿ? ಸೆರಗು ತೋಯ್ಸಿ ಒತ್ತಿದೆ. ಸೆರಗಿಗಿ ಬಂದ."

"ಆ ಸೆರಗಿನ ತುಂಡು ಎಲ್ಲಿ?"

"ಹಿತ್ತಲ ಬೇವಿನ ಗಿಡದ ಬುಡಕ. ಮಣ್ಣು ಕೊಟ್ಟೆ."

ಆಗ ಅವಳು ಅತ್ತಳು. ಮೂರು ತಿಂಗಳಿಂದ ತಡೆದದ್ದೆಲ್ಲ ಒಂದೇ ಸಲಕ್ಕೆ ಬಂತು. ಪಂಚಾಕ್ಷರಯ್ಯ ದೂರು ವಾಪಸು ಪಡೆಯುತ್ತೇನೆಂದು ಬೇಡಿಕೊಂಡ. ಕಳವೆಂದು ಬರೆಸಿದ್ದವನು ಅವನೇ. ಇನ್ನು ಅದು ಅವನ ಕೈಯಲ್ಲಿರಲಿಲ್ಲ.

ಮಧ್ಯಾಹ್ನ ಹನ್ನೆರಡೂಕಾಲಿಗೆ ದಸ್ತಗಿರಿ. ಬೇವಿನ ಬುಡದಲ್ಲಿ ಗೇಣುದ್ದದ ಹೊಸ ಮಣ್ಣಿನ ದಿಬ್ಬ, ಮೇಲೆ ಕುಂಕುಮ. ಆಂಜನೇಯ ಸಲಿಕೆ ತಂದ.

"ಕಳವಿನ ಮಾಲುರಿ. ಅಗೀಲೇನ್ರಿ?"

ರೇವಣಸಿದ್ದಯ್ಯ ಟೋಪಿ ತೆಗೆದರು. "ಸಲಿಕಿ ಒಳಗಿಡು," ಎಂದರು. ಠಾಣೆಗೆ ಬಂದು ಎರಡು ಪುಸ್ತಕ ತೆಗೆದರು. ಕಾಣೆಯಾದವರ ಪುಸ್ತಕದಲ್ಲಿ ಉಚ್ಚೀರಪ್ಪನ ಹೆಸರಿನ ಮುಂದೆ, "ಹೆಂಡತಿ ಮಣ್ಣು ಮಾಡಿದ್ದಾಳೆ" ಎಂದು ಬರೆದರು. ಕೇಸಿನ ಡೈರಿಯಲ್ಲಿ ಹೀಗೆ: "ಆರೋಪಿ ಒಪ್ಪಿಕೊಂಡಿದ್ದಾಳೆ. ಗಂಡನನ್ನು ನೀರಿನಲ್ಲಿ ಬಿಡಲಾರದೆ ಮಾಡಿದ ಕೃತ್ಯ. ಮಾಲು ವಶಪಡಿಸಿಲ್ಲ. ಹೂತದ್ದನ್ನು ಹೊರತೆಗೆಯಲು ಮ್ಯಾಜಿಸ್ಟ್ರೇಟರ ಅಪ್ಪಣೆ ಬೇಕು. ಕೇಳಿಲ್ಲ."