‘ಬಾರೋ’ ಅಂದವನು

"ಏನೋ ಬೇಕು ನಿನಗೆ?"

ಫೋನಿನಲ್ಲಿ ಅಮ್ಮನ ಜೊತೆ ಮಾತಾಡುತ್ತಲೇ ಹೊಲಿಗೆ ಅಂಗಡಿಗೆ ಕಾಲಿಟ್ಟವಳು ದಂಗಾಗಿ ನಿಂತಳು. ಪರದೇಶದಲ್ಲಿ ಕನ್ನಡ ಕಿವಿಗೆ ಬಿದ್ದ ಖುಷಿ ಒಂದು ಕಡೆ. ಮುಖಮೂತಿ ನೋಡದೆ ‘ಏನೋ’ ಅಂದ ದರ್ಜಿಯ ಮೇಲೆ ಸಿಟ್ಟು ಇನ್ನೊಂದು ಕಡೆ!

"ನಾನು ಹುಡುಗಿ! ಕಾಣಲ್ವಾ?"

"ಕಾಣುತ್ತೆ ಕಣೋ. ಬಾರೋ, ಕೂತ್ಕೋ."

ಪಾಪ, ಅವನ ತಪ್ಪೇನಿರಲಿಲ್ಲ. ಅವನು ಹುಟ್ಟಿದ್ದೇ ಇಲ್ಲಿ. ವಲಸೆ ಬಂದ ಅಮ್ಮ ಹೊಲಿಗೆ ಯಂತ್ರದ ಮುಂದೆ ಕೂತು ಮಗನಿಗೆ ಆಡಿದ ಮಾತಷ್ಟೇ ಅವನ ಕನ್ನಡ. ಹಾಗಾಗಿ ಅವನ ಬಾಯಲ್ಲಿ ಎಲ್ಲರೂ ‘ಕಣೋ’.

ಹೊರಗಿನಿಂದ ಬಂದವರು ಒಂದು ದೇಶದ ಆರ್ಥಿಕತೆಯನ್ನು ಹೇಗೆ ಬದಲಿಸುತ್ತಾರೆ ಎಂದು ಓದಲು ಬಂದವಳು ಅವಳು. ಅವಳಿಗೆ ಈ ಅಂಗಡಿ ಹೇಳಿ ಮಾಡಿಸಿದಂತಿತ್ತು. ಅವನ ಅಮ್ಮ ಒಬ್ಬಳೇ ಶುರುಮಾಡಿದ ಕಡೆ ಈಗ ಇಲ್ಲಿನವರೇ ನಾಲ್ವರು ಸಂಬಳಕ್ಕಿದ್ದರು. ದಿನಾ ಬಂದಳು, ಕೇಳಿದಳು, ಬರೆದುಕೊಂಡಳು. ಬರೆಯುವುದು ಮುಗಿದ ಮೇಲೂ ಬಂದಳು! ಅವನೆಂದರೆ ಇಷ್ಟವಾಗಿಬಿಟ್ಟಿತ್ತು.

ಆದರೆ ಪ್ರಶ್ನೆ ಕೇಳುವ ಚಟ ಬಿಡಲಿಲ್ಲ.

"ನಿಮ್ಮಮ್ಮ ತೀರಿಕೊಂಡಾಗ ವ್ಯಾಪಾರ ಎಷ್ಟು ಬಿತ್ತು?" ಒಂದು ಸಂಜೆ ಕೇಳಿಯೇಬಿಟ್ಟಳು.

ಅವನ ಕೈಯಲ್ಲಿದ್ದ ಕತ್ತರಿ ನಿಂತಿತು.

"ನಾನು ಬೇಕಾಗಿರೋದು ನಿನಗಾ, ನಿನ್ನ ಓದಿಗಾ?"

ಉತ್ತರ ನಾಲಿಗೆಯ ತುದಿಯಲ್ಲಿತ್ತು. ಬಿಗುಮಾನಕ್ಕೆ ಎದ್ದು ಹೋದವಳು ಮತ್ತೆ ಅತ್ತ ಸುಳಿಯಲಿಲ್ಲ.

ಓದು ಮುಗಿಯಿತು. ಇಲ್ಲೇ ಒಂದು ಕೆಲಸವೂ ಸಿಕ್ಕಿತು. ಉಳಿಯಬೇಕೋ, ಊರಿಗೆ ಹೊರಡಬೇಕೋ? ಅವನು ಒಂದು ಮಾತು ‘ಇರು’ ಅಂದರೆ ಸಾಕಿತ್ತು... ಬಿಗುಮಾನ ಬಿಟ್ಟು ತಾನಾಗಿಯೇ ಅಂಗಡಿಯ ಮೆಟ್ಟಿಲು ಹತ್ತಿದಳು.

"ಬನ್ನಿ. ಕೂತ್ಕೊಳ್ಳಿ."

ಬನ್ನಿ?! ಅವಳು ಕೂರಲಿಲ್ಲ. ಇಷ್ಟು ದೂರದವಳಾಗಿಬಿಟ್ಟೆನಾ...

"ಅವತ್ತು ಹಾಗೆ ಕೇಳಬಾರದಿತ್ತು. ಕ್ಷಮಿಸು," ಎಂದು ಬಾಗಿಲ ಕಡೆ ತಿರುಗಿದಳು. "ಊರಿಗೆ ಹೊರಡ್ತಿದ್ದೀನಿ."

"ಹೋಗ್ಬೇಡಿ!" ಅವನು ತಡವರಿಸಿದ. "ಊರಲ್ಲಿರೋ ಸೋದರಮಾವನಿಗೆ ಫೋನ್ ಮಾಡಿ ಕಲಿತೆ. ಹುಡುಗೀನ ಮದುವೆಗೆ ಕೇಳೋವಾಗ ಬಹುವಚನದಲ್ಲೇ ಮಾತಾಡ್ಬೇಕಂತೆ. ನೀವು... ನನ್ನ ಜೊತೆ ಇಲ್ಲೇ ಇರ್ತೀರಾ?"

ಅವಳಿಗೆ ನಗುವೂ ಬಂತು, ಅಳುವೂ ಬಂತು.

"ಆ ಮರ್ಯಾದೆಯೆಲ್ಲ ನಿಮ್ಮ ಮಾವನಿಗೇ ಇರಲಿ. ನಿಮ್ಮಮ್ಮನ ಕನ್ನಡದಲ್ಲಿ ಕೇಳು."

ಅವನು ಕೊರಳಲ್ಲಿದ್ದ ಅಳತೆಯ ಟೇಪು ತೆಗೆದು ಪಕ್ಕಕ್ಕಿಟ್ಟ.

"ಹೋಗ್ಬೇಡ ಕಣೋ."

"ಹೋಗಲ್ಲ ಕಣೋ," ಅಂದಳು.