ವಾರಂಟಿ ಮುಗಿಯುವ ದಿನದ ಬೋಣಿ

ಕಂಪ್ಯೂಟರ್ ಅಂಗಡಿ ತೆರೆದಿತ್ತು. ಅಮೋಲ್ ಊದಿನಕಡ್ಡಿ ಹಚ್ಚುತ್ತಿದ್ದ. ನಾನು ಒಳಗೆ ಹೋಗದೆ ಹೊರಗಿನ ಕಟ್ಟೆಯ ಹತ್ತಿರ ನಿಂತೆ.

ಗಾಜಿನ ಆಚೆಯಿಂದ ಅವನು ನನ್ನನ್ನು ನೋಡಿದ. ಒಂದು ಹುಬ್ಬು ಮೇಲೇರಿತು. ನಾನು ರಸ್ತೆಯ ಕಡೆ ಮುಖ ತಿರುಗಿಸಿದೆ. ವಾರಂಟಿ ಬೇಡ ಎಂದು ಹೇಳಲು ಬಂದವಳು ನಾನು, ಹೇಳಲಾಗದೆ ನಿಂತಿದ್ದೇನೆ ಎಂದು ಅವನು ಅಂದುಕೊಂಡನಂತೆ, ಆಮೇಲೆ ಹೇಳಿದ.

ಲ್ಯಾಪ್‌ಟಾಪ್ ಕೊಂಡದ್ದು ಹಿಂದಿನ ವರ್ಷ, ಬೀದರಿನ ಈ ಅಂಗಡಿಯಲ್ಲೇ. ಔರಾದದ ಕಾಲೇಜಿನಲ್ಲಿ ಅತಿಥಿ ಉಪನ್ಯಾಸಕಿಯ ಕೆಲಸ ಸಿಕ್ಕಿತ್ತು. ಕಂಪನಿಯ ವಾರಂಟಿ ಒಂದೇ ವರ್ಷ. ಇನ್ನೆರಡು ವರ್ಷಕ್ಕೆ ಹೆಚ್ಚಿಸಬೇಕೇ ಎಂದು ಅಮೋಲ್ ಕೇಳಿದಾಗ ನೋಡೋಣ ಅಂದೆ. ನನ್ನ ಗಂಡ ಸುಮಿತ ತೀರಿಕೊಂಡ ಮೇಲೆ ಬಹಳ ದಿನ ಬಾಳುವ ಯಾವುದನ್ನೂ ನಾನು ಕೊಂಡಿರಲಿಲ್ಲ. ಶಾಂಪೂ ಕೂಡ ಸ್ಯಾಶೆ. ಎರಡು ವರ್ಷ ಎಂಬುದು ನಾನು ನೋಡದ ಊರಿನ ಹೆಸರಿನಂತೆ ಕೇಳಿಸಿತು.

ಅವನು ಒತ್ತಾಯ ಮಾಡಲಿಲ್ಲ. ಬಿದ್ದು ಒಡೆದರೆ ಇದು ಅನ್ವಯಿಸುವುದಿಲ್ಲ, ಒಳಗಿನ ಪಾರ್ಟು ತಾನಾಗಿ ಕೆಟ್ಟರೆ ಮಾತ್ರ, ಮೊದಲ ವರ್ಷ ಮುಗಿಯುವುದರೊಳಗೆ ಯಾವತ್ತಾದರೂ ತಗೊಳ್ಳಬಹುದು ಎಂದ. ಸುಮಿತನ ವಿಷಯ ನಾನು ಹೇಳಲಿಲ್ಲ. ಗಿರಾಕಿ ಅದನ್ನೆಲ್ಲ ಹೇಳಬೇಕಾಗಿಯೂ ಇರಲಿಲ್ಲ.

ಆಮೇಲೆ ಅಲ್ಲಿಗೆ ಹೋಗಲು ನೆವಗಳು ಹುಟ್ಟಿದವು. ಮೌಸ್. ಬ್ಯಾಗು. ಚಾರ್ಜರ್ ಸರಿಯಾಗಿ ಕೂರುತ್ತಿಲ್ಲ ಎಂಬ ದೂರು. ಅವನ ಕೈಗೆ ಬಂದರೆ ಅದು ಸುಮ್ಮನೆ ಕೂರುತ್ತಿತ್ತು.

“ಚಾರ್ಜರ್‌ಗಿ ನಿಮ್ಮ ಮ್ಯಾಲ ಸಿಟ್ಟದ, ಮೇಡಂ,” ಅಂದ. “ಇಲ್ಲಿಗಿ ಬಂದ್ರ ಶ್ಯಾಣ್ಯಾ ಆಗ್ತದ.”

“ಹಂಗಾದ್ರ ಇಲ್ಲೇ ಇಟ್ಕೋರಿ.”

“ಅದೊಂದನ್ನೇ?”

ಕೇಳಿದವನೇ ಸ್ಕ್ರೂಡ್ರೈವರ್ ಹುಡುಕತೊಡಗಿದ. ಅದು ಅವನ ಎಡಗೈಯಲ್ಲೇ ಇತ್ತು. ಇಬ್ಬರೂ ಅದನ್ನು ನೋಡಿದೆವು. ಇಬ್ಬರೂ ನೋಡದಂತೆ ಇದ್ದೆವು.

ನಾನು ಹೋಗುತ್ತಿದ್ದದ್ದು ಯಾವಾಗಲೂ ಮಧ್ಯಾಹ್ನದ ಮೇಲೆ. ಇವತ್ತು ಹಾಗೆ ಆಗುವಂತಿರಲಿಲ್ಲ. ಇದು ವಾರಂಟಿಯ ಕೊನೆಯ ದಿನ. ಔರಾದದಲ್ಲಿ ಪರೀಕ್ಷೆ, ಸಂಜೆ ಅಲ್ಲಿಂದಲೇ ಭಾಲ್ಕಿಗೆ, ಅಮ್ಮನ ಹತ್ತಿರ.

ಭಾಲ್ಕಿಯಲ್ಲಿ ನಮ್ಮ ಸೋದರಮಾವನ ಬಟ್ಟೆಯಂಗಡಿ ಇದೆ. ಸುಮಿತ ತೀರಿಕೊಂಡ ವರ್ಷ ಒಂದು ಬೆಳಿಗ್ಗೆ ಅಲ್ಲಿಗೆ ಹೋಗಿದ್ದೆ. ಬೋಣಿ ಆಗಲಿ, ಅಲ್ಲಿ ತನಕ ಹೊರಗೆ ಕೂಡು ಎಂದರು ಮಾವ, ಮೆತ್ತಗೆ. ದಿನದ ಮೊದಲ ವ್ಯಾಪಾರ ವಿಧವೆಯ ಕೈಯಿಂದ ಆಗಬಾರದು. ಚಹಾ ಹೊರಗೇ ಕಳಿಸಿದರು. ಸಕ್ಕರೆ ಜಾಸ್ತಿ ಹಾಕಿಸಿದ್ದರು.

ಅಮೋಲ್‌ನ ಅಂಗಡಿಯ ಕಟ್ಟೆಯ ಮೇಲೆ ಅವನ ತಾಯಿ ಕಾಂತಾಬಾಯಿ ಮೆಂತ್ಯಪಲ್ಯದ ಎಲೆ ಬಿಡಿಸಿ ಸೋಸುತ್ತ ಕೂತಿದ್ದರು. ಮಧ್ಯಾಹ್ನ ಗಲ್ಲಾದ ಮುಂದೆ ಕೂರುವ ಹೆಂಗಸು ಬೆಳಿಗ್ಗೆ ಇಲ್ಲೇಕೆ ಎಂದು ನನಗೆ ಹೊಳೆಯಲಿಲ್ಲ. ಬಿಸಿಲಿನಲ್ಲಿ ಯಾಕೆ ನಿಂತೆ, ಒಳಗೆ ಹೋಗು ಅಂದರು. ಬೋಣಿ ಆಗಲಿ ಅಂದೆ.

ಅವರ ಕೈ ನಿಂತಿತು. ನನ್ನ ಮುಖ ನೋಡಿದರು.

“ನೀನೂ ಏನವ್ವ?”

ಹೌದೆಂದು ತಲೆಯಾಡಿಸಿದೆ. ಅವರು ಪಲ್ಯದ ಕಟ್ಟು ಸರಿಸಿ ಜಾಗ ಮಾಡಿದರು.

ಈ ಅಂಗಡಿ ಅವರ ಗಂಡ ಇದ್ದಾಗ ರೇಡಿಯೋ ರಿಪೇರಿ ಅಂಗಡಿಯಂತೆ. ಗಂಡ ಹೋದ ಮೇಲೆ ಇದನ್ನು ಉಳಿಸಿದ್ದು, ಬೆಳೆಸಿದ್ದು ಕಾಂತಾಬಾಯಿಯೇ. ಆದರೂ ಮೊದಲ ಗಿರಾಕಿ ಬರುವ ತನಕ ಹೊಸ್ತಿಲು ದಾಟುವುದಿಲ್ಲ. ಯಾರೂ ಹೇಳಿದ್ದಲ್ಲ, ತಾವೇ ಹಾಕಿಕೊಂಡದ್ದು. ಮಗ ಜಗಳಾಡಿ ಸೋತಿದ್ದ.

ಯಾರೂ ಬರಲಿಲ್ಲ. ನನ್ನ ಬಸ್ಸಿನ ಹೊತ್ತಾಯಿತು. ಅಮೋಲ್ ಹೊರಗೆ ಬಂದ.

“ಏನ್ ಸಭಾ ನಡದದ ಇಲ್ಲಿ?”

ಬೋಣಿಯ ದಾರಿ ನೋಡುತ್ತಿದ್ದೇವೆ ಅಂದರು ತಾಯಿ.

“ನಿಂದು ಗೊತ್ತದ ಬಿಡು. ಮೇಡಂ ಯಾಕ?”

ಕಾಂತಾಬಾಯಿ ನನ್ನನ್ನು ನೋಡಿದರು, ಆಮೇಲೆ ಅವನನ್ನು. ಅವನ ಮುಖದ ನಗೆ ನಿಧಾನವಾಗಿ ಇಳಿಯಿತು. ನಾನೂ ವಿಧವೆ ಎಂದು ಅವನಿಗೆ ತಿಳಿಯಿತು. ಇನ್ನು ಆ ಹುಬ್ಬು ನನಗಾಗಿ ಮೇಲೇರುವುದಿಲ್ಲ ಅಂದುಕೊಂಡೆ. ಎದ್ದು ಬಸ್ಸು ಹಿಡಿಯಬಹುದಿತ್ತು. ವಾರಂಟಿ ಮುಗಿಯುತ್ತಿತ್ತು, ಅದರ ಜೊತೆ ಇಲ್ಲಿಗೆ ಬರುವ ನೆವವೂ.

ಕಾಂತಾಬಾಯಿ ಎದ್ದು ಮಡಿಲಿನ ಎಲೆ ಕೊಡವಿದರು.

“ನಂದೇನು, ರೂಢಿ ಬಿದ್ದದ. ನಿನಗ ಹೊರಗ ಕೂಡು ಅನ್ಲಾಕ ನನಗ ಬಾಯಿ ಬರಲ್ಲ. ಏಳು.”

ನನ್ನ ಕೈ ಹಿಡಿದ ಅವರ ಕೈಯಲ್ಲಿ ಮೆಂತ್ಯದ ವಾಸನೆ ಇತ್ತು. ನಾವಿಬ್ಬರೂ ಹೊಸ್ತಿಲು ದಾಟುವಾಗ ಅಮೋಲ್ ಬಾಗಿಲಿಗೆ ಬೆನ್ನು ಹಚ್ಚಿ ದಾರಿ ಬಿಟ್ಟ. ಕಾಂತಾಬಾಯಿ ಹೋಗಿ ಗಲ್ಲಾದ ಮುಂದೆ ಕೂತರು, ನೆಟ್ಟಗೆ.

ಅವನು ಕಂಪ್ಯೂಟರಿನಲ್ಲಿ ನನ್ನ ಲ್ಯಾಪ್‌ಟಾಪಿನ ನಂಬರ್ ಹಾಕಿದ. ತಲೆ ಎತ್ತಲಿಲ್ಲ.

“ಎಷ್ಟು ವರ್ಷಕ್ಕ ಮಾಡ್ಲಿರಿ?”

“ಹೆಚ್ಚಂದ್ರ ಎಷ್ಟು ಕೊಡ್ತಾರ?”

“ಇನ್ನೆರಡು.”

“ಅಷ್ಟೇ ಏನ್ರಿ?” ಅಂದೆ. ಆ ಮಾತು ನನ್ನ ಬಾಯಿಂದಲೇ ಬಂತು.

ಫೋನಿನಿಂದ ಹಣ ಕಳಿಸಿದೆ. ಕೌಂಟರಿನ ಮೇಲಿನ ಪುಟ್ಟ ಸ್ಪೀಕರ್ ಹಣ ಬಂತೆಂದು ಗಟ್ಟಿಯಾಗಿ ಸಾರಿತು. ಬೋಣಿಯ ದುಡ್ಡು ಕಣ್ಣಿಗೊತ್ತಿಕೊಳ್ಳುವುದು ಪದ್ಧತಿ. ನೋಟಿಲ್ಲ. ಕಾಂತಾಬಾಯಿ ಆ ಸ್ಪೀಕರನ್ನೇ ಎತ್ತಿ ಕಣ್ಣಿಗೊತ್ತಿಕೊಂಡರು.

ಹೊರಡುವಾಗ ನಾನೇ ಹೇಳಿದೆ. ಸುಮಿತ ಎಂದು ಹೆಸರು, ಹುಮನಾಬಾದ ರಸ್ತೆಯಲ್ಲಿ ಅಪಘಾತ ಎಂದು. ಅಮೋಲ್ ಬರೀ ತಲೆಯಾಡಿಸಿದ. ಔರಾದದ ತನಕ, ಆಮೇಲೆ ಭಾಲ್ಕಿಯ ತನಕ ಆ ಮೌನವನ್ನು ತಿರುವಿ ತಿರುವಿ ನೋಡಿದೆ.

ಅಮ್ಮ ರೊಟ್ಟಿ ಬಡಿಯುತ್ತಿದ್ದಾಗ ಫೋನ್ ಬಂತು.

“ನೀವು ಹ್ವಾದ ಮ್ಯಾಲ ಒಂದ್ ಗಿರಾಕಿನೂ ಬರಲಿಲ್ರಿ,” ಅಂದ ಅಮೋಲ್.

ನನ್ನ ಬೋಣಿಯಿಂದಲೇ ಅಂದುಕೊಂಡೆ. ಆ ಕಡೆ ಕಾಂತಾಬಾಯಿ ನಗುವುದು ಕೇಳಿಸಿತು. ದಿನವಿಡೀ ಹೀಗೇ ನಕ್ಕಿದ್ದಾರಂತೆ. ಆಕಾಶ ಕಳಚಿ ಬಿತ್ತೇನೋ ನೋಡು ಎಂದು ಮಗನನ್ನು ಹೊರಗೆ ಕಳಿಸಿದ್ದರಂತೆ. ಬಿದ್ದಿರಲಿಲ್ಲ. ಮೇಲಿನ ಶೆಲ್ಫಿನ ಧೂಳನ್ನೂ ಒರೆಸಿದ್ದಾಯಿತಂತೆ.

ನಾನು ನಕ್ಕೆ. ರೊಟ್ಟಿ ಬಡಿಯುವ ಅಮ್ಮನ ಕೈ ನಿಂತಿತು.

ಅವನ ದನಿ ಇಳಿಯಿತು.

“ಮುಂಜಾನಿ ನನಗ ಮಾತು ಸಿಗಲಿಲ್ರಿ. ಈಗ ಸಿಕ್ಕದ. ಸುಮಿತ ಅವರ ಫೋಟೋ ಇದ್ರ ತರ್ರಿ. ನಮ್ಮ ಮನ್ಯಾಗ ಅಪ್ಪನ ಫೋಟೋದ ಬಾಜೂಕ ಜಾಗ ಅದ. ಅದ್ರ ಕೆಳಗ ನಾವು ನೀವು ಕೂಡಿ ಊಟ ಮಾಡೋಣಂತ, ದಿನಾ. ನಿಮಗ ಒಪ್ಪಿಗಿ ಇದ್ರ.”

ಗೋಡೆಯ ಮೇಲೆ ಸುಮಿತ ಎಂದಿನಂತೆ ನಗುತ್ತಿದ್ದ. ನಾನು ಕುರ್ಚಿ ಎಳೆದು ಹತ್ತಿ ಫೋಟೋ ಇಳಿಸಿದೆ.

“ಯಾವಾಗ ಬರ್ಲಿ?”

“ನಿಮಗ ಅನುಕೂಲ ಆದಾಗ. ಮಧ್ಯಾಹ್ನ ಬಂದ್ರೂ ನಡೀತದ.”

“ಮಧ್ಯಾಹ್ನ ಬ್ಯಾಡ,” ಅಂದೆ. “ಮುಂಜಾನಿನೇ ಬರ್ತೇನಿ. ನೀವು ಶಟರ್ ಎತ್ತೋ ಹೊತ್ತಿಗಿ.”