ಕತ್ತರಿಸಿದ ಕೊನೆ ಅಧ್ಯಾಯ

ಚಿನ್ನದ ಗಣಿ ಕಾರ್ಮಿಕರ ಊರಿಗಾಂ ಲೈನಿನ ಪೆದ್ದಮ್ಮ ಕಳೆದುಹೋದ ಹಸುವನ್ನು ಅದರ ಹಾಲು ಕುಡಿದೇ ಪತ್ತೆಹಚ್ಚಿದವರು. ನಂಬದಿದ್ದರೆ ಹಸುವನ್ನೇ ತೋರಿಸುತ್ತೇನೆ. ಅವರ ಬಜ್ಜಿ ಅಂಗಡಿಯಲ್ಲಿ ನಾನು ಹನ್ನೊಂದು ವರ್ಷದಿಂದ ಸಹಾಯಕ, ಪತ್ತೇದಾರಿಕೆಗೆ, ಬಜ್ಜಿಗಲ್ಲ.

ಆ ಶುಕ್ರವಾರ ಬಂಗಾರಪೇಟೆಯ ಅಂಬರೀಶ್ ಓಡಿಬಂದ. ದಿನಾ ರೈಲಿನಲ್ಲಿ ಓಡಾಡುತ್ತಲೇ ಗಣಿಯ ಕೊಲೆಯ ಬಗ್ಗೆ ಮೊದಲ ಕಾದಂಬರಿ ಬರೆದವನು. ಗಣಿಗೆ ಇಳಿದವನಲ್ಲ.

"ಪೆದ್ದಮ್ಮ, ರಾಬರ್ಟ್‌ಸನ್‌ಪೇಟೆ ವೇಣು ಪುಸ್ತಕದಂಗಡೀಲಿ ನನ್ ಕಾದಂಬರಿ ನಲವತ್ತು ಪ್ರತಿ ಮಾರಾಕ್ ಇಟ್ಟಿದ್ದೆ. ಎಲ್ಲಾದ್ರಾಗೂ ಕೊನೇ ಅಧ್ಯಾಯ ಬ್ಲೇಡಲ್ಲಿ ಕುಯ್ದವ್ರೆ! ವೇಣೂನೇ ಕಣಮ್ಮ. 'ಕೊನೆ ಚಪ್ಪೆ ಕಣ್ಲಾ' ಅಂದಿದ್ದ. ಪೊಲೀಸ್ಗೆ ಓಗ್ತೀನಿ."

"ಚಿಕ್ಕಂದಿನ ಗೆಳೆಯನ ಮೇಲಾ? ಒಂದಿನ ತಡಿ, ನಾಯ್ನಾ."

ಆ ಕೊನೆ ನಾನೂ ಓದಿದ್ದೆ. ಸಂಕೇತದ ಗಂಟೆ ಒಂದೇ ಸಲ ಬಾರಿಸಿದೊಡನೆ, ಗಣಿಯ ಲಿಫ್ಟಾದ ಕೇಜನ್ನು ಇಳಿಸಿ ಏರಿಸುವ ಇಂಜಿನ್ ಡ್ರೈವರು ಹದಿನೇಳು ಜನರಿದ್ದ ಆ ಕೇಜನ್ನು ಬೇಕಂತಲೇ ಗಣಿಯ ತಳಕ್ಕೆ ಬಿಡುತ್ತಾನೆ. ನನಗೂ ನಿರಾಸೆಯಾಗಿತ್ತು. ಹಾಗಂದದ್ದೇ ತಪ್ಪಾಯಿತು, ಪೆದ್ದಮ್ಮ ಮೊದಲು ನನ್ನ ಜೇಬನ್ನೇ ತಪಾಸಣೆ ಮಾಡಿದರು. ಎರಡು ಬಜ್ಜಿ ಸಿಕ್ಕವು.

ವೇಣುವಿನ ಅಂಗಡಿಯಲ್ಲಿ ನೋಡಿದರೆ, ಪ್ರತಿ ಪುಸ್ತಕದಲ್ಲೂ ಉಳಿದ ಕೊನೆಯ ಪುಟದ ಅಂಚಿನಲ್ಲಿ ಪೆನ್ಸಿಲಿನ ಮೂರು ಗೆರೆ.

"ಕುಯ್ದಿಲ್ಲ, ಈ ಗೆರೇನೂ ನಾನ್ ಆಕಿಲ್ಲಮ್ಮ, ತಾಯಾಣೆ!" ಎಂದ ವೇಣು. ಮೂಲೆಯಲ್ಲಿ, ಗಣಿ ಮುಚ್ಚಿದಂದಿನಿಂದ ದಿನವೂ ಅಲ್ಲೇ ಪೇಪರ್ ಓದುವ ಕುಪ್ಪುಸ್ವಾಮಿ ತಾತ ತಲೆಯೆತ್ತಲಿಲ್ಲ.

ಶನಿವಾರ ಎಲ್ಲರನ್ನೂ ಬಜ್ಜಿ ಅಂಗಡಿಗೆ ಕರೆಸಿದ ಪೆದ್ದಮ್ಮ, ಲೋಟಕ್ಕೆ ಚಮಚದಿಂದ ಮೂರು ಸಲ ಬಡಿದರು. ನಾವೆಲ್ಲ ಲೋಟ ನೋಡಿದೆವು. ತಾತನ ಎರಡೂ ಕೈ ಮಾತ್ರ ಗಾಳಿಯಲ್ಲಿ ಯಾವುದೋ ಹಿಡಿಕೆಗಳನ್ನು ಹಿಡಿದು ನಿಂತವು.

"ಸೇಡಾಗಿದ್ರೆ ಪುಸ್ತಕಾನೇ ಸುಡ್ತಿದ್ರು. ಇವ್ರಿಗೆ ಬ್ಯಾಡವಾಗಿದ್ದು ಕೊನೆ ಮಾತ್ರ. ಕೇಜಲ್ಲಿ ಜನ ಅವ್ರೆ ಅಂದ್ರೆ ಮೂರು ಸಲ ಗಂಟೆ ಬಾರಿಸ್ಬೇಕು. ಗಣೀಲಿದ್ದ ನಮ್ಮನೇವ್ರು ದಿನಾ ಅಂಗಂತಿದ್ರು. ಇವ್ನು ಒಂದೇ ಸಲ ಅಂತ ಬರ್ದವ್ನೆ. ಮೂರು ಗೆರೆ ಎಳ್ದು ಅದನ್ನ ತಿದ್ದಿದೋರು ಗಣಿಯೋರು. ಆ ಅಂಗಡೀಲಿ ದಿನಾ ಕೂರೋ ಗಣಿಯೋರು ಒಬ್ರೇ. ಇನ್ನು ಮೂರು ಸಲ ಬಡ್ದ ತಕ್ಷಣ ಎದ್ದ ಆ ಕೈ ಇಂಜಿನ್ ಡ್ರೈವರ್ದಲ್ದೆ ಯಾರ್ದು?"

ತಾತ ಚೀಲದಿಂದ ನಲವತ್ತು ಅಧ್ಯಾಯಗಳನ್ನು ತೆಗೆದಿಟ್ಟರು. ಒಂದೂ ಮುದುಡಿರಲಿಲ್ಲ.

"ಮೂವತ್ತು ವರ್ಷ ಕೇಜು ಇಳಿಸ್ದೆ, ತಂಬಿ. ಒಬ್ರೂ ಬೀಳ್ಲಿಲ್ಲ. ನೀನು ಒಂದೇ ಪುಟದಲ್ಲಿ ಹದಿನೇಳು ಜನಾನ ಬೀಳಿಸ್ಬಿಟ್ಟೆ. ಅದೂ ನನ್ ಕೈಲಿ."

ಅಂಬರೀಶ್ ತಲೆ ತಗ್ಗಿಸಿದ. ವೇಣುವಿನ ತಟ್ಟೆಗೆ ತನ್ನ ಬಜ್ಜಿ ಹಾಕಿದ. ಅವರಿಬ್ಬರಲ್ಲಿ ಅದೇ ಕ್ಷಮಾಪಣೆ.

"ಅಂಗಾದ್ರೆ ನನ್ ಕತೇಲಿ ಕೊಲೆ ಮಾಡ್ದೋರು ಯಾರು ತಾತ?"

"ನಂಗೇನ್ ಗೊತ್ತು? ಇಳಿಸ್ದೋರನ್ನ ಮೇಲ್ ತರೋದು ನನ್ ಕೆಲ್ಸ."

ಅಂಬರೀಶ್ ಖಾಲಿ ಹಾಳೆ ತೆಗೆದ. ಮೇಲೆ ಮೂರು ಗೆರೆ ಎಳೆದು ತಾತನ ಮುಖ ನೋಡಿದ. ತಾತ ಕುರ್ಚಿ ಹತ್ತಿರಕ್ಕೆ ಎಳೆದುಕೊಂಡರು.

"ನಿಧಾನಕ್ ಬಿಡು," ಎಂದರು. "ಒಳಗೆ ಜನ ಅವ್ರೆ."